ಮುದ್ರೆಯಿಲ್ಲದ ಬೆಳ್ಳಿ

ಡೊಂಬಿವಲಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ತೆರವಾಗುತ್ತಿರುವ ಕಾಲವಿದು. ದಶಕಗಳ ಕಾಲ ಬಾಳಿದ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಟ್ರಂಕುಗಳು ಕೆಳಗಿಳಿಯುತ್ತವೆ. ಅವುಗಳೊಡನೆ ನಾವು ಮರೆತ ವಸ್ತುಗಳೂ ಇಳಿಯುತ್ತವೆ. ನಮ್ಮ ಟ್ರಂಕಿನ ತಳದಲ್ಲಿ, ಇಳಕಲ್ಲ ಸೀರೆಯ ತುಂಡೊಂದರಲ್ಲಿ ಸುತ್ತಿಟ್ಟ ಕರಡಿಗೆಯೊಂದು ದೊರೆಯಿತು. ಮೊಟ್ಟೆಯಂತೆ ಉಬ್ಬಿದ ಒಡಲು, ಎರಡು ಬದಿಗೆ ಕೊಂಬಿನಂತೆ ಚಾಚಿದ ತೋಳು, ಶಿವದಾರ ಪೋಣಿಸಲು ಬಳೆಗಳು. ಇಷ್ಟಲಿಂಗವನ್ನು ಇರಿಸಿ ಕೊರಳಲ್ಲಿ ಧರಿಸುವ ಸಂಪುಟವಿದೆಂದು ನಮಗೆ ಕೂಡಲೇ ತಿಳಿಯಿತು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ತಿಳಿಯಲಿಲ್ಲ. ಅತ್ತರಿನ ಡಬ್ಬಿಯೇ ಎಂದು ಕೇಳಿದರು.

ಪೇಟೆಯ ಅಂಗಡಿಯವರು ಭೂತಗನ್ನಡಿ ಹಿಡಿದು ಒಳಹೊರಗು ನೋಡಿ, ಮುದ್ರೆಯಿಲ್ಲ, ಕರಗಿಸಿದ ಮೇಲಷ್ಟೇ ಬೆಲೆ ಹೇಳಬಹುದು ಎಂದರು. ಬೆಳ್ಳಿಯ ದರ ಏರಿದ ದಿನಗಳು. ಮಾರಿ ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳುವುದೇ ನ್ಯಾಯವೆಂಬ ಮಾತೂ ಮನೆಯಲ್ಲಿ ಬಂದಿತು. ಅದು ತಪ್ಪು ಮಾತೇನಲ್ಲ. ಆದರೆ ಕರಗಿಸುವ ಮೊದಲು ಇದು ಏನು, ಯಾರದು ಎಂದು ಅರಿಯಬೇಕೆನಿಸಿತು.

ಮುದ್ರೆಯಿಲ್ಲದಿರುವುದು ದೋಷವೇ? ಇಂಗ್ಲೆಂಡಿನಲ್ಲಿ ಬೆಳ್ಳಿಯ ಶುದ್ಧತೆಗೆ 1300ರಲ್ಲಿಯೇ ಶಾಸನವಿತ್ತು. 1544ರಿಂದ ಸಿಂಹದ ಮುದ್ರೆ ಬಂದಿತು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ ಬೆಳ್ಳಿಗೆ ಹಾಲ್‌ಮಾರ್ಕ್ ಆರಂಭಿಸಿದ್ದು 2005ರಲ್ಲಿ, ಅದೂ ಕಡ್ಡಾಯವಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್, ಭುಜ್‌ನ ಊಮರ್ಸಿ ಮಾವ್ಜಿ ಮೊದಲಾದವರು ತಮ್ಮ ಹೆಸರನ್ನು ಒತ್ತುತ್ತಿದ್ದರು. ಅವರ ಗಿರಾಕಿಗಳಲ್ಲಿ ಯುರೋಪಿಯನ್ನರು ಬಹಳ. ಊರ ಅಕ್ಕಸಾಲಿಗನಿಗೆ ಆ ಅಗತ್ಯವಿರಲಿಲ್ಲ. ಕೊಡುವವನೂ ಕೊಳ್ಳುವವನೂ ಒಂದೇ ಬಾವಿಯ ನೀರು ಕುಡಿಯುವವರು. ಅವನ ಮುಖವೇ ಅವನ ಮುದ್ರೆ.

ಆದ್ದರಿಂದ ಇಂಥ ವಸ್ತುವಿನ ಗುರುತನ್ನು ಬೇರೆಡೆ ಹುಡುಕಬೇಕು. ಮೊದಲನೆಯದು ತೂಕ. 1835ರ ನಾಣ್ಯ ಕಾಯಿದೆಯ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ, ಅದೇ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಆ ಪಾಲು ಅರ್ಧಕ್ಕಿಳಿಯಿತು. 1947ರಲ್ಲಿ ರೂಪಾಯಿ ನಿಕ್ಕಲ್ಲಿನದಾಯಿತು. ಅಲ್ಲಿಯವರೆಗೆ ರೂಪಾಯಿ ಹಣವೂ ಹೌದು, ತೂಕದ ಬಟ್ಟೂ ಹೌದು, ಆಭರಣದ ಕಚ್ಚಾವಸ್ತುವೂ ಹೌದು. ಎಣಿಸಿ ಕೊಟ್ಟ ರೂಪಾಯಿಗಳನ್ನೇ ಕರಗಿಸಿ ಒಡವೆ ಮಾಡಿಸುವುದು ವಾಡಿಕೆಯಾಗಿತ್ತು. ನಮ್ಮ ಕರಡಿಗೆ 173 ಗ್ರಾಂ ತೂಗಿತು. ಹದಿನೈದು ರೂಪಾಯಿಗಳ ತೂಕ 175 ಗ್ರಾಂ. ಉಳಿದೆರಡು ಗ್ರಾಂ ಸವೆತವೆಂದು ಊಹಿಸಬಹುದು. ದಾರ ಉಜ್ಜಿದ ಬಳೆಗಳು ಒಂದು ಬದಿಗೆ ಕಾಗದದಷ್ಟು ತೆಳುವಾಗಿವೆ. ತೂಕ ಒಂದು ಸುಳಿವು ಮಾತ್ರ, ಸಾಕ್ಷಿಯಲ್ಲ.

ಎರಡನೆಯದು ಸಾಂದ್ರತೆ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಹೆಸರಿನಲ್ಲಲ್ಲದೆ ಅದರಲ್ಲಿ ಬೆಳ್ಳಿಯಿಲ್ಲ. ಅದರ ಸಾಂದ್ರತೆ ಸುಮಾರು 8.7, ಶುದ್ಧ ಬೆಳ್ಳಿಯದು 10.49. ಚಿಕ್ಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು, ಕರಡಿಗೆಯನ್ನು ಬಿಚ್ಚಿ ಒಳಗೆ ಗಾಳಿ ನಿಲ್ಲದಂತೆ ನೂಲಿನಲ್ಲಿ ಇಳಿಬಿಟ್ಟೆವು. ತಳ ಮುಟ್ಟಬಾರದು. ತಕ್ಕಡಿ 16.8 ಗ್ರಾಂ ಹೆಚ್ಚು ತೋರಿಸಿತು. 173ನ್ನು ಅದರಿಂದ ಭಾಗಿಸಿದರೆ 10.3. ರೂಪಾಯಿಯ ಬೆಳ್ಳಿಯಲ್ಲಿ ಕಾಣಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಒರೆಗಲ್ಲಿಗೆ ಉಜ್ಜಲಿಲ್ಲ, ಆಮ್ಲದ ಹನಿ ಬಿಡಲಿಲ್ಲ, ಕಪ್ಪನ್ನು ತಿಕ್ಕಿ ತೊಳೆಯಲೂ ಇಲ್ಲ. ಆ ಕಪ್ಪೂ ವಯಸ್ಸಿನ ಬರಹವೇ.

ಮೂರನೆಯದು ಕೈಗೆಲಸ. ಹೊರಗಿನ ಬಳ್ಳಿಯ ಉಬ್ಬಿಗೆ ಒಳಗೆ ತಗ್ಗಿದೆ, ಸುತ್ತಿಗೆಯ ಪೆಟ್ಟುಗಳಿವೆ. ಎಡದ ಎಲೆ ಬಲದ ಎಲೆಯಂತಿಲ್ಲ. ಅಚ್ಚು ಒತ್ತುವ ಯಂತ್ರ ಇಂಥ ತಪ್ಪು ಮಾಡುವುದಿಲ್ಲ.

ಇಷ್ಟೆಲ್ಲ ಆದರೂ ಯಾರದೆಂಬ ಪ್ರಶ್ನೆ ಉಳಿಯಿತು. ಬಾಗಲಕೋಟೆ ಸೀಮೆಯಲ್ಲಿರುವ, ಎಂಬತ್ತು ದಾಟಿದ ಸೋದರತ್ತೆಗೆ ಫೋನು ಮಾಡಿ, ಚಿತ್ರ ತೋರಿಸಿದೆವು. ಅವರು ಹೇಳಿದ್ದು ಇಷ್ಟೇ: "ಅದು ನಮ್ಮ ಮುತ್ಯಾಂದು. ಅವ ಹೋದಾಗ ಲಿಂಗ ಅವನ ಕೂಡ ಹೋತು, ಗುಂಡಗಡಗಿ ಮನ್ಯಾಗ ಉಳೀತು." ಲಿಂಗವಂತರಲ್ಲಿ ಇಷ್ಟಲಿಂಗ ಧರಿಸಿದವರೊಡನೆಯೇ ಮಣ್ಣಾಗುತ್ತದೆ. ಕರಡಿಗೆ ಬರಿದಾಗಿದ್ದುದೇಕೆಂದು ನಮಗೆ ಆಗ ಅರ್ಥವಾಯಿತು. ಆ ಬರಿದೇ ಅದರ ಇತಿಹಾಸ.

ಇನ್ನೊಂದು ವಿಷಯವನ್ನು ನೆನೆಯಬೇಕು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದವು. ಕಲಾದಗಿಯೇ ಮುಂದೆ ವಿಜಾಪುರ ಜಿಲ್ಲೆಯಾಯಿತು. ಆ ನಂಟು ಕಳಚಿದ್ದು 1956ರಲ್ಲಿ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ ಈ ಜಿಲ್ಲೆಗಳನ್ನು ಹಿಂಡಿಹಾಕಿತು. ಜನ ಮೈಮೇಲಿನ ಬೆಳ್ಳಿಯನ್ನು ಮಾರಿ ಜೋಳ ಕೊಂಡರು. ಆ ಬೆಳ್ಳಿ ಕೈಯಿಂದ ಕೈಗೆ ದಾಟಿ ಮುಂಬಯಿಯ ಟಂಕಸಾಲೆಗೆ ಬಂದು ಮತ್ತೆ ರೂಪಾಯಿಯಾಯಿತು; ಖಾಸಗಿಯವರು ಬೆಳ್ಳಿ ತಂದು ನಾಣ್ಯ ಮಾಡಿಸಿಕೊಳ್ಳುವ ಅವಕಾಶ 1893ರವರೆಗೂ ಇತ್ತು. ನಾವು ದಿನವೂ ಲೋಕಲ್ಲಿನಲ್ಲಿ ಇಳಿದು ಕಚೇರಿಗೆ ನಡೆಯುವ ಕೋಟೆ ಪ್ರದೇಶದಲ್ಲಿಯೇ ಆ ಟಂಕಸಾಲೆಯಿದೆ. ನಮ್ಮ ಕಡೆಯ ಎಷ್ಟು ಕಡಗ, ಎಷ್ಟು ಉಡಿದಾರ, ಎಷ್ಟು ಕರಡಿಗೆಗಳು ಅದರ ಕುಲುಮೆಯಲ್ಲಿ ಹೆಸರಿಲ್ಲದೆ ಕರಗಿದವೋ! ಉಳಿದುಬಂದ ಒಂದೊಂದು ವಸ್ತುವನ್ನೂ ಯಾರೋ ಒಬ್ಬರು ಮಾರದೆ ಉಳಿಸಿಕೊಂಡಿದ್ದಾರೆ.

ಹೊರದೇಶದ ಹರಾಜುಗಳಲ್ಲಿ ಇಂಥವನ್ನು 'ಲಿಂಗಂ ಕ್ಯಾಸ್ಕೆಟ್' ಎಂದು ಕರೆದು ದಕ್ಷಿಣ ಭಾರತದ್ದೆಂದು ಬರೆಯುತ್ತಾರೆ. ತಪ್ಪಿಲ್ಲ, ಆದರೆ ಅದರಲ್ಲಿ ಮುತ್ಯಾ ಇಲ್ಲ. ಕರಡಿಗೆ ಎಂಬ ಒಂದು ಪದದಲ್ಲಿ ಊರು, ನಡೆ, ಸಾವು ಎಲ್ಲವೂ ಇವೆ. ಠಾಣೆ, ಕಲ್ಯಾಣ, ನವಿಮುಂಬಯಿಗಳ ನಮ್ಮ ಮನೆಗಳಲ್ಲಿ ಬೆಳ್ಳಿಗಿಂತ ಬೇಗ ಕರಗುತ್ತಿರುವುದು ಇಂಥ ಪದಗಳು.

ಅತ್ತೆಯ ಮಾತನ್ನು ಅಣ್ಣತಮ್ಮಂದಿರಿಗೆ ಕೇಳಿಸಿದೆವು. ಮಾರುವ ಮಾತು ಮತ್ತೆ ಬರಲಿಲ್ಲ. ಕರಡಿಗೆ ಸರದಿಯಂತೆ ಮೂರು ಮನೆಗಳಲ್ಲಿ ಇರಲಿದೆ. ತೂಕ, ಸಾಂದ್ರತೆ, ಅತ್ತೆಯ ಮಾತು, ಹೇಳಿದ ದಿನಾಂಕ ಇವನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು, ಅದೇ ಸೀರೆಯ ತುಂಡಿನಲ್ಲಿ ಜೊತೆಗೆ ಸುತ್ತಿಟ್ಟಿದ್ದೇವೆ. ನಮ್ಮ ಓದುಗರ ಅಟ್ಟಗಳ ಮೇಲೂ ಟ್ರಂಕುಗಳಿರಬಹುದು. ಅಂಗಡಿಗೆ ಒಯ್ಯುವ ಮುನ್ನ ಊರಿನ ಹಿರಿಯರಿಗೊಂದು ಫೋನು ಮಾಡಿರಿ. ಬೆಳ್ಳಿ ಕಾಯುತ್ತದೆ, ಅವರು ಕಾಯಲಾರರು.