1995ರ ಎರಡು ಕಾಲಂಗಳು

ಪ್ರವೇಶದ ಅರ್ಜಿ ತುಂಬುವಾಗ ‘ಪ್ರವರ್ಗ’ ಎಂಬಲ್ಲಿ ನಿಮ್ಮಲ್ಲಿ ಬಹುಪಾಲು ಮಂದಿ 2ಬಿ ಎಂದು ಬರೆಯುತ್ತೀರಿ. ಅದರ ಆಸುಪಾಸಿನಲ್ಲೇ ‘ಅಂಗವಿಕಲರೇ? ಹೌದು/ಇಲ್ಲ’ ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ. ಅದನ್ನು ಓದದೆಯೇ ನಾವು ಪುಟ ತಿರುಗಿಸುತ್ತೇವೆ. ಆದರೆ ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಎರಡೂ ಕಡೆ ಗುರುತು ಹಾಕಬೇಕಾದ ಹುಡುಗಿ ಇದ್ದಾಳೆ. ಅವಳು ಯಾವ ಗುಂಪಿಗೆ ಸೇರಿದವಳು?

ಈ ಎರಡು ಕಾಲಂಗಳ ಹಿಂದೆ ಎರಡು ಬೇರೆ ಬೇರೆ ಇತಿಹಾಸಗಳಿವೆ. ಕುತೂಹಲದ ಸಂಗತಿಯೆಂದರೆ ಎರಡಕ್ಕೂ 1995 ಮುಖ್ಯವಾದ ವರ್ಷ.

ಮೊದಲನೆಯದು ನಿಮಗೆ ಗೊತ್ತಿರುವಂಥದ್ದೇ. ಮೈಸೂರು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಮುಸ್ಲಿಮರೂ ಸೇರಿದಂತೆ ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವರೆಂದು ಎಣಿಸಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ 1990ರಲ್ಲಿ ವರದಿ ಕೊಟ್ಟಿತು. 1995ರಲ್ಲಿ ದೇವೇಗೌಡರ ಸರ್ಕಾರ 2ಬಿ ಅಡಿಯಲ್ಲಿ ಶೇ. 4 ಮೀಸಲಾತಿಯನ್ನು ಜಾರಿಗೆ ತಂದಿತು. 2023ರ ಮಾರ್ಚ್‌ನಲ್ಲಿ ಅದನ್ನು ರದ್ದುಪಡಿಸುವ ಆದೇಶ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಮಾತಾಡದವರಿರಲಿಲ್ಲ. ಮರುತಿಂಗಳು ಸರ್ಕಾರವೇ ಸುಪ್ರೀಂ ಕೋರ್ಟಿಗೆ, ಸದ್ಯ ಆ ಆದೇಶದಂತೆ ನಡೆಯುವುದಿಲ್ಲವೆಂದು ಹೇಳಬೇಕಾಯಿತು.

ಎರಡನೆಯ ಕಾಲಂ ಬಗ್ಗೆ ಅಂಥ ಮಾತುಕತೆ ನಾನು ಕೇಳಿಲ್ಲ. ಬ್ರಿಟಿಷರು 1872ರಿಂದ 1931ರವರೆಗೆ ಜನಗಣತಿಯಲ್ಲಿ ಕುರುಡರು, ಕಿವುಡ-ಮೂಕರು, ಕುಷ್ಠರೋಗಿಗಳು, ‘ಹುಚ್ಚರು’ ಎಂದು ಎಣಿಸಿದರು. 1941ರಲ್ಲಿ ಆ ಪ್ರಶ್ನೆಯೇ ಬಿದ್ದುಹೋಯಿತು. ಸ್ವತಂತ್ರ ಭಾರತದ ಜನಗಣತಿಗಳಲ್ಲಿ, 1981ರ ಒಂದು ಅರೆಬರೆ ಪ್ರಯತ್ನವನ್ನು ಬಿಟ್ಟರೆ, ಈ ಶತಮಾನದವರೆಗೂ ಇವರು ಲೆಕ್ಕಕ್ಕೇ ಇರಲಿಲ್ಲ. ಬೆಂಗಳೂರಿನಲ್ಲಿ ಸ್ವತಃ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ಲಿಂಗರಾಜಪುರದಲ್ಲಿ ಬೆಳೆದ ಎಪಿಡಿಯಂಥ ಸಂಸ್ಥೆಗಳೇ ಆ ಕಾಲದ ಆಸರೆ. ಹಕ್ಕಿನ ಮಾತು ಬಂದದ್ದು ತಡವಾಗಿ. 1995ರ ಡಿಸೆಂಬರ್‌ನಲ್ಲಿ ದೆಹಲಿಯ ಬೀದಿಗಿಳಿದವರ ಮುಂದಾಳು ಗಾಲಿಕುರ್ಚಿಯಲ್ಲಿದ್ದ ಜಾವೇದ್ ಆಬಿದಿ. ಅಲಿಗಢದಲ್ಲಿ 1965ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಇವರ ಹೆಸರನ್ನು ನಮ್ಮ ಸಭೆಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅದೇ ತಿಂಗಳು ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿ ಸರ್ಕಾರಿ ಕೆಲಸಗಳಲ್ಲಿ ಶೇ. 3 ಮೀಸಲಿಟ್ಟಿತು.

2001ರ ಜನಗಣತಿಯಲ್ಲಿ ಪ್ರಶ್ನೆ ಮತ್ತೆ ಸೇರಿದ್ದೂ ಇಂಥದೇ ಹೋರಾಟದಿಂದ. ಆಗ ಕರ್ನಾಟಕದಲ್ಲಿ ಸಿಕ್ಕ ಲೆಕ್ಕ ಸುಮಾರು 9.4 ಲಕ್ಷ. 2011ರಲ್ಲಿ 13.24 ಲಕ್ಷ. ಹತ್ತು ವರ್ಷದಲ್ಲಿ ಇಷ್ಟೊಂದು ಜನ ಹೊಸದಾಗಿ ಅಂಗವಿಕಲರಾದರೆಂದು ತಿಳಿಯಬೇಡಿ. ಐದು ಬಗೆಗಳ ಪಟ್ಟಿ ಎಂಟಕ್ಕೆ ಏರಿತ್ತು, ಪ್ರಶ್ನೆ ಕೇಳುವ ರೀತಿಯೂ ಬದಲಾಗಿತ್ತು. 2016ರ ಕಾಯಿದೆ ಪಟ್ಟಿಯನ್ನು 21ಕ್ಕೆ ಒಯ್ದು ಆಸಿಡ್ ದಾಳಿಗೆ ತುತ್ತಾದವರನ್ನೂ ಒಳಗೆ ತಂದಿತು, ಉದ್ಯೋಗದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಿಟ್ಟಿತು.

ಹಾಗಾದರೆ ಒಳಗಿರುವವರು ಯಾರು, ಹೊರಗಿರುವವರು ಯಾರು? ವೈದ್ಯರು ಶೇ. 40 ಎಂದು ಬರೆದರೆ ಒಳಗೆ, 39 ಎಂದರೆ ಹೊರಗೆ. ಸಂಜ್ಞಾ ಭಾಷೆಯಾಡುವ ಅನೇಕ ಕಿವುಡರಂತೂ ತಾವು ಅಂಗವಿಕಲರೇ ಅಲ್ಲ, ಒಂದು ಭಾಷಾ ಸಮುದಾಯ ಎನ್ನುತ್ತಾರೆ. ಈ ವಾದವನ್ನು ನಗುತ್ತಾ ತಳ್ಳಿಹಾಕಬೇಡಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದ ನಮಗೆ ಭಾಷೆಯೇ ಗುರುತಾಗುವುದು ಅರ್ಥವಾಗದ ವಿಷಯವೇನಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಧರ್ಮ, ಜಾತಿ, ಮನೆಮಾತು ತಂದೆತಾಯಿಗಳಿಂದ ಬರುತ್ತವೆ. ಅಂಗವೈಕಲ್ಯ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಆ ಮಗು ಅನೇಕ ವೇಳೆ ತನ್ನ ಮನೆಯಲ್ಲೇ ಒಂಟಿ. ತನ್ನಂಥವರನ್ನು ಅದು ಹೊರಗೆ ಹುಡುಕಿಕೊಳ್ಳಬೇಕು. ಯಲಹಂಕದ ಮಾತೃ ಅಂಧರ ಶಾಲೆಯಂಥ ಕಡೆ ಕೆಲವರಿಗೆ ಅದು ಸಿಗುತ್ತದೆ. ಇನ್ನು ಕೆಲವರ ಮನೆಯಲ್ಲಿ, ಅಕ್ಕನ ನಿಕಾಹ್‌ಗೆ ತೊಂದರೆಯಾದೀತೆಂದು ಪ್ರಮಾಣಪತ್ರವನ್ನೇ ಮಾಡಿಸುವುದಿಲ್ಲ.

ಎರಡೂ ಗುರುತು ಹಾಕಿದರೆ ಒಂದನ್ನು ಕಳೆದುಕೊಳ್ಳಬೇಕಾದೀತೆಂಬ ಭಯವೂ ಕೆಲವರಿಗಿದೆ. ಅದು ತಪ್ಪು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ಮಗ್ಗದ ಹಾಸಿನಂತೆ ಪ್ರವರ್ಗಗಳು ಉದ್ದಕ್ಕೆ ನಿಂತರೆ, ಅಂಗವಿಕಲರ ಮೀಸಲಾತಿ ಹೊಕ್ಕಿನಂತೆ ಅವೆಲ್ಲವನ್ನೂ ಅಡ್ಡ ಹಾಯುತ್ತದೆ. ಇದಕ್ಕೇ ಸಮತಳ ಮೀಸಲಾತಿ ಎನ್ನುವುದು. ಅಂಗವಿಕಲರ ಕೋಟಾದಲ್ಲಿ ಆಯ್ಕೆಯಾದ 2ಬಿ ಹುಡುಗಿಯನ್ನು 2ಬಿ ಲೆಕ್ಕದಲ್ಲೇ ಕೂರಿಸುತ್ತಾರೆ. ಅವಳು ಎರಡೂ ಹೌದು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಬದುಕಿನಲ್ಲಿ ಹಾಗಿಲ್ಲ. ಅತ್ಯಾಚಾರಕ್ಕೊಳಗಾದ ಅಂಧ ದಲಿತ ಯುವತಿಯೊಬ್ಬಳ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಜಾತಿ, ಲಿಂಗ, ಅಂಗವೈಕಲ್ಯಗಳು ಒಬ್ಬರಲ್ಲೇ ಸೇರಿದಾಗ ಅವನ್ನು ಬಿಡಿಬಿಡಿಯಾಗಿ ನೋಡಲಾಗದೆಂದು ವಿವರವಾಗಿ ಬರೆಯಿತು. ಅತ್ಯಾಚಾರದ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಆದರೆ ಸಾಕ್ಷ್ಯ ಸಾಲದೆಂದು ದೌರ್ಜನ್ಯ ತಡೆ ಕಾಯಿದೆಯಡಿಯ ಶಿಕ್ಷೆ ಬಿದ್ದುಹೋಯಿತು.

ನಮ್ಮ ಕಡೆಗೂ ನೋಡಿಕೊಳ್ಳೋಣ. ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನ ಮಸೀದಿಯೊಂದರಲ್ಲಿ ಶುಕ್ರವಾರದ ಖುತ್ಬಾವನ್ನು ಸಂಜ್ಞಾ ಭಾಷೆಯಲ್ಲಿ ತಿಳಿಸುವ ಏರ್ಪಾಡು ಮಾಡಿದ್ದರು. ನಾನು ನಮಾಜಿಗೆ ಹೋಗುವ ಕಡೆ ವುಝೂ ಮಾಡುವ ಜಾಗಕ್ಕೆ ಆರು ಮೆಟ್ಟಿಲು ಇಳಿಯಬೇಕು. ಕೈಹಿಡಿಯಲು ಒಂದು ಕಂಬಿಯೂ ಇಲ್ಲ. ನಮ್ಮ ಸಂಘದ ವಿದ್ಯಾರ್ಥಿವೇತನದ ಅರ್ಜಿಯನ್ನೂ ಮೊನ್ನೆ ತೆಗೆದು ನೋಡಿದೆ. ತಂದೆಯ ಆದಾಯ, ಅಂಕ, ಮೊಹಲ್ಲಾ ಎಲ್ಲಕ್ಕೂ ಜಾಗವಿದೆ, ಎರಡನೆಯ ಕಾಲಂ ಇಲ್ಲ. ಮುಂದಿನ ಅರ್ಜಿ ಅಚ್ಚಿಗೆ ಹೋಗುವ ಮೊದಲು ಅದನ್ನು ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ.