2,14,74,83,647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ

ರಾಯಚೂರು ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳ ಕ್ರಮಸಂಖ್ಯೆಗಳು ಸಾಲಾಗಿ ಬರುತ್ತವೆ: ಲಿಂಗಸುಗೂರು 57, ಸಿಂಧನೂರು 58, ಮಸ್ಕಿ 59. 57 ಎಂದರೆ 3 × 19, 58 ಎಂದರೆ 2 × 29. ಮಸ್ಕಿಯ 59 ಹೀಗೆ ಒಡೆಯುವುದಿಲ್ಲ. 1 ಮತ್ತು 59 ಬಿಟ್ಟು ಬೇರಾವ ಸಂಖ್ಯೆಯೂ ಅದನ್ನು ಶೇಷವಿಲ್ಲದೆ ಭಾಗಿಸದು. ಇಂಥದ್ದೇ ಅವಿಭಾಜ್ಯ ಸಂಖ್ಯೆ. 59ರ ವರ್ಗಮೂಲ 8ಕ್ಕಿಂತ ಕಡಿಮೆ. ಹಾಗಾಗಿ 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು, ತೀರ್ಮಾನ ಸಿಗುತ್ತದೆ. ಸಂಖ್ಯೆ ಇನ್ನೂರು ಕೋಟಿ ದಾಟಿದರೆ?

ರೂಪ

2,14,74,83,647 ಎಂಬುದು 2³¹ − 1. ಎರಡರ ಘಾತದಿಂದ ಒಂದನ್ನು ಕಳೆದಾಗ ಸಿಗುವ ಅವಿಭಾಜ್ಯಗಳಿಗೆ 17ನೇ ಶತಮಾನದ ಫ್ರೆಂಚ್ ವಿದ್ವಾಂಸ ಮೆರ್ಸೆನ್ ಹೆಸರಿದೆ. ಈ ಸಾಲಿನಲ್ಲಿ ಇದು ಎಂಟನೆಯದು. ಇಲ್ಲಿ ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು: 11 ಅವಿಭಾಜ್ಯ, 2¹¹ − 1 = 2047 ಮಾತ್ರ 23 × 89.

ಆಯ್ಲರ್ ಸಾಧನೆ

2³¹ − 1ರ ವರ್ಗಮೂಲ ಸುಮಾರು 46,341. ಅಲ್ಲಿಯವರೆಗಿನ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಹೆಚ್ಚು. 1772ರಲ್ಲಿ, ಕಣ್ಣು ಬಹುಪಾಲು ಕಾಣದಾಗಿದ್ದ ಲಿಯೊನಾರ್ಡ್ ಆಯ್ಲರ್ ಈ ಹೊರೆಯನ್ನು ಇಳಿಸಿದ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಉಳಿಯುವುದು 1 ಅಥವಾ 63 ಮಾತ್ರ. ಅಲ್ಲಿಗೆ ಪರೀಕ್ಷಿಸಬೇಕಾದವು ನೂರಕ್ಕಿಂತ ಕಡಿಮೆ. ಮೊದಲನೆಯದು 311: ಭಾಗಿಸಿದರೆ ಶೇಷ 35. ಮುಂದಿನದು 1303: ಶೇಷ 226. ಕೊನೆಯವರೆಗೂ ಶೇಷ ಸೊನ್ನೆಯಾಗುವುದೇ ಇಲ್ಲ.

ಪರಿಪೂರ್ಣ ಸಂಖ್ಯೆಯ ನಂಟು

6ನ್ನು ಬಿಟ್ಟು ಅದರ ಉಳಿದ ಅಪವರ್ತನಗಳಾದ 1, 2, 3ನ್ನು ಕೂಡಿಸಿದರೆ ಮತ್ತೆ 6 ಬರುತ್ತದೆ. ಇಂಥವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮೆರ್ಸೆನ್ ಅವಿಭಾಜ್ಯವೂ ಅಂಥದ್ದೊಂದನ್ನು ಕೊಡುತ್ತದೆಂದು ಯೂಕ್ಲಿಡ್ ತೋರಿಸಿದ್ದ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಸಿಗುವ 19 ಅಂಕಿಗಳ ಸಂಖ್ಯೆ ಪರಿಪೂರ್ಣ.

ಕಂಪ್ಯೂಟರಿನಲ್ಲಿ

ಧನ, ಋಣ ಎರಡನ್ನೂ 32 ಬಿಟ್‌ಗಳಲ್ಲಿ ಬರೆಯುವ ಪದ್ಧತಿಯಲ್ಲಿ 2³¹ − 1 ಗರಿಷ್ಠ ಪೂರ್ಣಾಂಕ. 1970ರ ಆರಂಭದಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರಂದು, ಭಾರತದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಮಿತಿ ಮುಟ್ಟುತ್ತವೆ.

ಇಂದಿನ ಎಲ್ಲೆ

2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಮಿತ ಸಮಯದಲ್ಲಿ ತೀರ್ಮಾನಿಸುವ ವಿಧಾನ ಕೊಟ್ಟರು. 2024ರಲ್ಲಿ ಸಿಕ್ಕ ಮೆರ್ಸೆನ್ ಅವಿಭಾಜ್ಯ 2¹³⁶²⁷⁹⁸⁴¹ − 1ರಲ್ಲಿ 4,10,24,320 ಅಂಕಿಗಳಿವೆ; ಅದು ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ಸಾಧಿಸಲಾಗದು. 2³¹ − 1 ಹಾಗಲ್ಲ. ಆಯ್ಲರ್‌ನ ನಿಯಮ ತಿಳಿದ ಪ್ರೌಢಶಾಲೆಯ ವಿದ್ಯಾರ್ಥಿ ಒಂದು ನೋಟ್‌ಬುಕ್‌ನಲ್ಲೇ ಅದನ್ನು ಸಾಧಿಸಿ ತೋರಿಸಬಹುದು.