ಎಡಿತ್ ಕೀಲರ್‌ಳನ್ನು ಸಾಯಲು ಬಿಟ್ಟವರು ಯಾರು?

ಟ್ರಕ್ ಬರುತ್ತಿದೆ. ರಸ್ತೆ ದಾಟುತ್ತಿರುವ ಹೆಂಗಸು ಅದನ್ನು ನೋಡಿಲ್ಲ. ಅವಳನ್ನು ಪ್ರೀತಿಸುವವನು ಅಲ್ಲೇ, ಕೂಗಳತೆಯೊಳಗೇ ನಿಂತಿದ್ದಾನೆ. ಮುಂದೇನಾಗಬೇಕು? ಈ ಕೆಲವೇ ಸೆಕೆಂಡುಗಳ ವಿಷಯಕ್ಕೆ ಇಬ್ಬರು ಘಟಾನುಘಟಿಗಳು ದಶಕಗಟ್ಟಲೆ ಜಗಳ ಆಡಿದರು ಅಂದ್ರೆ ನಂಬ್ತೀರಾ?

‘ಸ್ಟಾರ್ ಟ್ರೆಕ್’ ಸರಣಿಯ ‘ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್’ ಎಪಿಸೋಡ್ ಪ್ರಸಾರವಾದದ್ದು 1967ರ ಏಪ್ರಿಲ್ 6ರಂದು. ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಕಾಲದಲ್ಲಿ ಹಿಂದೆ ಹೋಗಿ 1930ರ ನ್ಯೂಯಾರ್ಕಿಗೆ ಬರುತ್ತಾರೆ. ಆರ್ಥಿಕ ಕುಸಿತದ ದಿನಗಳು. ಎಡಿತ್ ಕೀಲರ್ ಅಲ್ಲಿ ಬಡವರಿಗೆ ಗಂಜಿಕೇಂದ್ರ ನಡೆಸುವವಳು. ಕರ್ಕ್‌ಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತೆ. ಆದರೆ ಅವಳು ಬದುಕಿದರೆ ಅವಳ ಶಾಂತಿ ಚಳವಳಿ ಬೆಳೆದು, ಅಮೆರಿಕ ಯುದ್ಧಕ್ಕಿಳಿಯೋದು ತಡವಾಗಿ, ಅಣುಬಾಂಬು ಹಿಟ್ಲರನ ಕೈಗೆ ಮೊದಲು ಸಿಗುತ್ತೆ. ಅಂದರೆ ಅವಳು ಸಾಯಲೇಬೇಕು.

(ಪ್ರಸಾರಕ್ಕೆ ಎರಡೇ ದಿನ ಮುಂಚೆ, ಅದೇ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಭಾಷಣ ಮಾಡಿದ್ದರು. ಕಾಕತಾಳೀಯ ಬಿಡಿ. ಆದರೂ ಶಾಂತಿ ಬೇಕು ಅನ್ನುವವಳು ಸಾಯಬೇಕಾದ ಕತೆಯನ್ನು ಆ ವಾರ ನೋಡಿದವರಿಗೆ ಏನನ್ನಿಸಿರಬಹುದು?)

ಟೀವಿಯಲ್ಲಿ ಬಂದ ಅಂತ್ಯ ಹೀಗಿದೆ: ಡಾಕ್ಟರ್ ಮೆಕಾಯ್ ಅವಳನ್ನು ಉಳಿಸಲು ಓಡುತ್ತಾನೆ, ಕರ್ಕ್ ಅವನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಬ್ರೇಕಿನ ಸದ್ದು. ಮುಗೀತು.

ಇದನ್ನು ಬರೆದ ಹಾರ್ಲನ್ ಎಲಿಸನ್‌ಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಮೂಲ ಸ್ಕ್ರಿಪ್ಟ್‌ನಲ್ಲಿ ಮೆಕಾಯ್ ಜಾಗದಲ್ಲಿದ್ದವನು ಬೆಕ್ವಿತ್: ಹಡಗಿನಲ್ಲೇ ಮಾದಕ ವಸ್ತು ಮಾರುವ ಕೊಲೆಗಡುಕ. ಕೊನೆಯ ಗಳಿಗೆಯಲ್ಲಿ ಎಡಿತ್‌ಳನ್ನು ಉಳಿಸಲು ಹಾರುವವನು ಆ ಪಾಪಿ. ನಮ್ಮ ಹೀರೋ ಕಲ್ಲಾಗಿ ನಿಂತುಬಿಡುತ್ತಾನೆ. ಪ್ರೀತಿಯ ಮುಂದೆ ಇಡೀ ಇತಿಹಾಸ ಹಾಳಾಗಿ ಹೋಗಲಿ ಅನ್ನುವ ಸ್ಥಿತಿ ಅವನದು. ಬೆಕ್ವಿತ್‌ನನ್ನು ತಡೆಯುವವನು ಸ್ಪಾಕ್.

ಸರಣಿಯ ಜನಕ ಜೀನ್ ರಾಡನ್‌ಬೆರಿ ಇದಕ್ಕೆ ಒಪ್ಪಲಿಲ್ಲ. ನೂರಾರು ಜನರ ಜೀವ ಹೊತ್ತ ಕ್ಯಾಪ್ಟನ್ ಹೀಗೆ ಕೈಚೆಲ್ಲುವುದುಂಟೇ? ಜೊತೆಗೆ ಖರ್ಚಿನ ಚಿಂತೆ ಬೇರೆ. ಸ್ಕ್ರಿಪ್ಟ್ ಡಿ.ಸಿ. ಫಾಂಟಾನಾ ಸೇರಿದಂತೆ ನಾಲ್ಕೈದು ಕೈ ದಾಟಿತು. ನನ್ನ ಹೆಸರು ತೆಗೆದು ‘ಕಾರ್ಡ್‌ವೇನರ್ ಬರ್ಡ್’ ಅಂತ ಹಾಕಿ ಅಂದ ಎಲಿಸನ್. ಅದು ಅವನು ಕೆಟ್ಟುಹೋದ ಕೆಲಸಕ್ಕೆ ಅಂಟಿಸುತ್ತಿದ್ದ ಸುಳ್ಳು ಹೆಸರು. ಅದನ್ನೂ ಕೊಡಲಿಲ್ಲ.

ಆಮೇಲಿನದು ಇನ್ನೂ ತಮಾಷೆ. ಎಪಿಸೋಡ್‌ಗೆ 1968ರ ಹ್ಯೂಗೋ ಪ್ರಶಸ್ತಿ ಬಂತು. ಎಲಿಸನ್‌ನ ಮೂಲ ಸ್ಕ್ರಿಪ್ಟ್‌ಗೆ ಬರಹಗಾರರ ಸಂಘ, ರೈಟರ್ಸ್ ಗಿಲ್ಡ್, ಬೇರೆಯೇ ಪ್ರಶಸ್ತಿ ಕೊಟ್ಟಿತು. ಒಂದೇ ಕತೆ, ಎರಡು ಅಂತ್ಯ, ಎರಡಕ್ಕೂ ಬಹುಮಾನ! ಆದರೂ ಸಿಟ್ಟು ಇಳಿಯಲಿಲ್ಲ. 1996ರಲ್ಲಿ ಅವನು ಮೂಲ ಸ್ಕ್ರಿಪ್ಟನ್ನು ಉದ್ದನೆಯ ಬೈಗುಳದ ಮುನ್ನುಡಿ ಸಮೇತ ಪುಸ್ತಕವಾಗಿ ತಂದ. ಅಷ್ಟೊತ್ತಿಗೆ ರಾಡನ್‌ಬೆರಿ ಸತ್ತು ಐದು ವರ್ಷವಾಗಿತ್ತು.

ನಾನು ಮೊದಲು ನೋಡಿದ್ದು ಟೀವಿಯದ್ದು, ಸ್ಕ್ರಿಪ್ಟ್ ಓದಿದ್ದು ಆಮೇಲೆ. ನಿಜ ಹೇಳಬೇಕಂದ್ರೆ ಗಂಟಲು ಕಟ್ಟಿದ್ದು ಟೀವಿಯ ಅಂತ್ಯಕ್ಕೇ. ಪ್ರೀತಿಸಿದವನ ಕೈಯೇ ಅಡ್ಡ ಬರುವುದಿದೆಯಲ್ಲ, ಅದು ಕಲ್ಲಾಗಿ ನಿಲ್ಲುವುದಕ್ಕಿಂತ ಕ್ರೂರ. ಎಲಿಸನ್‌ಗೆ ಇದು ಕಾಣಲಿಲ್ಲವೇನೋ. ಆದರೆ ರಾಡನ್‌ಬೆರಿಯ ಲೆಕ್ಕಾಚಾರವೂ ಅಷ್ಟು ಉದಾತ್ತದ್ದೇನಲ್ಲ. ಕರ್ಕ್ ಮುಂದಿನ ವಾರವೂ ಅದೇ ಕುರ್ಚಿಯಲ್ಲಿ ಕೂರಬೇಕಿತ್ತಲ್ಲ?

ನನ್ನ ತಕರಾರು ಬೇರೆ. ಮೂಲದಲ್ಲಿ ಟ್ರೂಪರ್ ಅಂತ ಒಬ್ಬನಿದ್ದಾನೆ. ಮೊದಲ ಮಹಾಯುದ್ಧದಲ್ಲಿ, ವರ್ಡನ್‌ನಲ್ಲಿ ಹೋರಾಡಿ ಕಾಲು ಕಳೆದುಕೊಂಡ ಸೈನಿಕ. ಕರ್ಕ್‌ಗೆ ಸಹಾಯ ಮಾಡಲು ಹೋಗಿ ಸಾಯುತ್ತಾನೆ. ಎಡಿತ್ ಸತ್ತರೆ ಜಗತ್ತು ಉಳಿಯುತ್ತೆ, ಟ್ರೂಪರ್ ಸತ್ತರೆ ಏನೂ ಆಗಲ್ಲ. ಇತಿಹಾಸಕ್ಕೆ ಅವನು ಲೆಕ್ಕಕ್ಕೇ ಇಲ್ಲ. ತಿದ್ದುವವರ ಕೈಯಲ್ಲೂ ಅವನು ಉಳಿಯಲಿಲ್ಲ. ಮೂಲ ಸ್ಕ್ರಿಪ್ಟ್ ಕಾಮಿಕ್ಸ್ ಆಗಿ ಬಂದದ್ದು 2014ರಲ್ಲಿ. ಅದರಲ್ಲಿ ಅವನು ಇದ್ದಾನೆ.